ನೈಸ್ ಅಂದ್ರೆ ಪೆದ್ದನಾ?

ಗದಗಿನಿಂದ ಓದುಗರೊಬ್ಬರು ಬರೆದಿದ್ದಾರೆ: ‘ತ್ರಿಕೂಟೇಶ್ವರ ಗುಡಿಗೆ ಹೋಗಿಬಂದ ಮೇಲೆ ಮಗಳು ಇಂಗ್ಲಿಷಿನಲ್ಲಿ ಪ್ರಬಂಧ ಬರೆದಳು. ಗುಡಿ ನೈಸ್, ಕಂಬ ನೈಸ್, ಮಿರ್ಚಿ ಭಜಿ ನೈಸ್. ಟೀಚರ್ ಮೂರಕ್ಕೂ ಕೆಂಪು ಗೆರೆ ಎಳೆದಿದ್ದಾರೆ. ನೈಸ್ ಅಂದರೆ ಮೂಲದಲ್ಲಿ ಪೆದ್ದ ಅಂತ ವಾಟ್ಸಾಪಿನಲ್ಲೂ ಬಂದಿತ್ತು. ಹೌದೇನ್ರಿ ಸಂಪಾದಕರೇ?’

ಹೌದ್ರಿ, ಈ ಸಲ ವಾಟ್ಸಾಪ್ ಸುಳ್ಳು ಹೇಳಿಲ್ಲ. ಲ್ಯಾಟಿನ್ನಿನಲ್ಲಿ ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿಯುವುದು. ಎರಡೂ ಕೂಡಿ ‘ನೆಸ್ಕಿಯುಸ್’, ಏನೂ ತಿಳಿಯದವ. ಅದು ಫ್ರೆಂಚಿನಲ್ಲಿ ಸವೆದು, ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ನೈಸ್ ಅಂದರೆ ಪೆದ್ದ ಅಂತಲೇ ಅರ್ಥ. ತಮಾಷೆ ಏನಂದ್ರೆ, ಸೈನ್ಸ್ ಹುಟ್ಟಿದ್ದೂ ಅದೇ ‘ಸ್ಕೀರೆ’ಯಿಂದ.

ಪೆದ್ದ ಒಳ್ಳೆಯವನಾದದ್ದು ಒಂದೇ ದಿನಕ್ಕಲ್ಲ. ಮೊದಲು ಅಂಜುಬುರುಕ, ಆಮೇಲೆ ಎಲ್ಲದಕ್ಕೂ ಮೂಗು ಮುರಿಯುವವ (ಸಾರಿಗೆ ಉಪ್ಪು ಚೂರು ಜಾಸ್ತಿಯಾದರೂ ತಾಟು ಸರಿಸುವ ಮಾವ ಇರ್ತಾರಲ್ಲ, ಅಂಥವರು), 16ನೇ ಶತಮಾನಕ್ಕೆ ಸೂಕ್ಷ್ಮ, ಕರಾರುವಾಕ್ಕು ಅಂತಾಯಿತು. ‘ಚಂದ, ಹಿತ’ ಅನ್ನುವ ಈಗಿನ ಅರ್ಥ ಬಂದದ್ದು 18ನೇ ಶತಮಾನದಲ್ಲಿ. ನಗಬೇಡಿ, ನಮ್ಮ ‘ಮುಗ್ಧ’ನ ಕಥೆಯೂ ಹೆಚ್ಚುಕಡಿಮೆ ಇದೇ. ಸಂಸ್ಕೃತದ ಮೂಲ ಅರ್ಥದಲ್ಲಿ ಅವನು ಮಂಕು ಬಡಿದವ. ಈಗ ಮುಗ್ಧ ನಗು ಅಂದರೆ ಯಾರಿಗೆ ಬೇಜಾರು?

ಆದರೆ ನನಗೆ ಮಜಾ ಕೊಟ್ಟದ್ದು ಈ ಶಬ್ದ ನಮ್ಮ ಕಡೆ ಬಂದು ಮಾಡಿದ ಕೆಲಸ. ಮೊನ್ನೆ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಗಿರಣಿಯಲ್ಲಿ ನಿಂತಿದ್ದೆ. ಮುಂದಿದ್ದ ಅಜ್ಜಿ ಡಬ್ಬಿ ಇಟ್ಟು ‘ಜ್ವಾಳ ನೈಸ್ ಬೀಸಪಾ, ಹ್ವಾದ ಸಲ ತರಿತರಿ ಆಗಿತ್ತು, ರೊಟ್ಟಿ ಹರೀತಿದ್ವು’ ಅಂದರು. ಗಿರಣಿಯವ ಕಲ್ಲು ಬಿಗಿ ಮಾಡಿದ, ಬೀಳುತ್ತಿದ್ದ ಬಿಸಿ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ತಲೆಯಾಡಿಸಿದ. ಅಲ್ಲಿ ನೈಸ್ ಅಂದರೆ ನುಣುಪು. ‘ಸುಮ್ನೆ ನೈಸ್ ಮಾಡಬ್ಯಾಡ’ ಅಂದರೆ ಬೆಣ್ಣೆ ಹಚ್ಚಬೇಡ ಅಂತ. ಇನ್ನು ‘ನೈಸಾಗಿ ಜಾರಿಕೊಂಡ’ ಅನ್ನೋದು, ಬಿಲ್ ಕೊಡೋ ಹೊತ್ತಿಗೆ ಮಾಯವಾಗುವ ಗೆಳೆಯನಿಗೆ.

ಟೀಚರ್ ಗೆರೆ ಎಳೆದದ್ದು ಆ ಪೆದ್ದನ ಸಲುವಾಗಿ ಅಂತ ನನಗನ್ನಿಸುವುದಿಲ್ಲ. 700 ವರ್ಷದ ಹಿಂದಿನ ಅರ್ಥ ಹಿಡಿದು ಇವತ್ತಿನ ಮಾತು ತಿದ್ದಲಿಕ್ಕಾಗುತ್ತದಾ? ಮೂರು ಕಡೆ ಒಂದೇ ಶಬ್ದ ಬಂತು, ಅಷ್ಟೇ. ಭಜಿ ಖಾರ ಇತ್ತು, ಗುಡಿಯೊಳಗೆ ತಂಪಿತ್ತು ಅಂತ ಬರೆಯಲಿ. ಆದರೆ ಅಲ್ಲೇ ಸರಸ್ವತಿ ಗುಡಿಯ ಕಂಬಗಳ ಮೇಲಿನ ಕುಸುರಿ ನೋಡಿದ್ದೀರಲ್ಲ, ಅದಕ್ಕೆ ಮಾತ್ರ ನೈಸ್ ಇರಲಿ ಬಿಡಿ. ಇಂಗ್ಲಿಷಿನ ಆ ‘ಸೂಕ್ಷ್ಮ’ಕ್ಕೂ ಸರಿ, ನಮ್ಮ ಗಿರಣಿಯ ನುಣುಪಿಗೂ ಸರಿ.