ಸೌದೆ ಕಡಿಯುವ ಕತ್ತಿಗೆ ಎಷ್ಟು ಹಣ ಹಾಕಬೇಕು?

ಪ್ರಶ್ನೆ: ಕಾಡಿನ ಅಂಚಿನಲ್ಲಿ ಡೇರೆ ಹಾಕಿ ತಂಗುವಾಗ ಕೊಂಬೆ ಕಡಿಯಲು, ಸೌದೆ ಸೀಳಲು ಒಂದು ದೊಡ್ಡ, ಗಟ್ಟಿಮುಟ್ಟಾದ ಕತ್ತಿ ಕೊಳ್ಳಬೇಕೆಂದಿದ್ದೇನೆ. ನೋಡಲು ಒಂದೇ ತೆರನಾಗಿರುವ ಕತ್ತಿಗಳ ಬೆಲೆಯಲ್ಲಿ ಅಜಗಜಾಂತರವಿದೆ. ಹೆಚ್ಚು ಹಣ ಕೊಟ್ಟರೆ ನಿಜಕ್ಕೂ ಹೆಚ್ಚು ಬಾಳಿಕೆ ಬರುತ್ತದೆಯೇ? ಸ್ಟೇನ್‌ಲೆಸ್ ಉಕ್ಕು ಒಳ್ಳೆಯದೋ, ಕಾರ್ಬನ್ ಉಕ್ಕೋ?

ಉತ್ತರ: ಒಂದು ಹಂತದವರೆಗೆ ಬರುತ್ತದೆ, ಅದರಾಚೆಗೆ ಇಲ್ಲ. ಸೌದೆಗೆ ಬೀಸುವ ಕತ್ತಿಗೆ ಬೇಕಾದದ್ದು ಪೆಟ್ಟು ತಾಳುವ ಗುಣವೇ ಹೊರತು ಬಹುಕಾಲ ಮೊಂಡಾಗದ ಹರಿತವಲ್ಲ. ದುಬಾರಿ ಉಕ್ಕುಗಳಲ್ಲಿ ಹಲವು ಈ ಎರಡನೆಯ ಗುಣಕ್ಕೆಂದೇ ತಯಾರಾದವು; ಸಣ್ಣ ಚಾಕುವಿಗೆ ಅವು ಒಪ್ಪುತ್ತವೆ, ಗಂಟುಗಂಟಾದ ಕೊರಡಿಗೆ ಬೀಳುವ ಅಲಗಿಗೆ ಒಪ್ಪುವುದಿಲ್ಲ. ನಿಮ್ಮ ಕೆಲಸಕ್ಕೆ 1095 ಅಥವಾ 5160 ಎಂಬ ದರ್ಜೆಯ ಸಾಮಾನ್ಯ ಕಾರ್ಬನ್ ಉಕ್ಕು ಧಾರಾಳವಾಗಿ ಸಾಕು. ಮೊದಲನೆಯದರಲ್ಲಿ ಇಂಗಾಲ ಸುಮಾರು ಶೇ. 0.95ರಷ್ಟಿದ್ದರೆ, ವಾಹನಗಳ ಸ್ಪ್ರಿಂಗ್ ಪಟ್ಟಿಗೆ ಬಳಸುವ ಎರಡನೆಯದರಲ್ಲಿ ಶೇ. 0.6ರ ಆಸುಪಾಸಿನಲ್ಲಿರುತ್ತದೆ, ಪೆಟ್ಟು ತಾಳುವುದರಲ್ಲಿ ಎರಡನೆಯದೇ ಒಂದು ಕೈ ಮೇಲು.

ಆದರೆ ಉಕ್ಕಿನ ಹೆಸರಿಗಿಂತ ಕಾಯಿಸಿ ತಣಿಸಿ ಅದಕ್ಕೆ ಕೊಟ್ಟ ಹದ ಮುಖ್ಯ. ದೊಡ್ಡ ಅಲಗಿಗೆ ರಾಕ್‌ವೆಲ್ ಅಳತೆಯಲ್ಲಿ 55ರಿಂದ 58ರವರೆಗಿನ ಗಡಸುತನ ಹಿತವಾದುದು. ಹದವನ್ನು ಪರೀಕ್ಷಿಸಲು ಒಣಗಿದ ಗಟ್ಟಿ ಕೊಂಬೆಯೊಂದನ್ನು ಕಡಿದು, ಅಲಗಿನ ಬಾಯಿಯನ್ನು ಮೇಲ್ಮುಖವಾಗಿ ಬೆಳಕಿಗೆ ಹಿಡಿದು ನೋಡಿ. ಹರಿತವಾದ ಅಂಚು ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲಾದರೂ ಸಣ್ಣ ಮಿನುಗು ಕಂಡರೆ ಅಲ್ಲಿ ಅಂಚು ಮಡಚಿದೆ ಅಥವಾ ಮುಕ್ಕಾಗಿದೆ; ಉಕ್ಕು ಮೆದುವಾಗಿದ್ದರೆ ಮಡಚುತ್ತದೆ, ತೀರಾ ಗಡಸಾಗಿದ್ದರೆ ಮುಕ್ಕಾಗುತ್ತದೆ. ಮಡಚಿದ್ದನ್ನು ಸಾಣೆಕಲ್ಲಿನ ಮೇಲೆ ಸ್ವಲ್ಪ ಹೊತ್ತು ಉಜ್ಜಿದರೆ ಸರಿಯಾಗುತ್ತದೆ, ಮುಕ್ಕಾದರೆ ಮಾತ್ರ ಆ ಆಳದವರೆಗೂ ಇಡೀ ಬಾಯಿಯನ್ನು ಸವೆಸಬೇಕಾಗುತ್ತದೆ. ಹಾಗಾಗಿ ಹದ ತುಸು ತಪ್ಪಿದರೂ ಅದು ಮೆದುವಿನ ಕಡೆಗೆ ತಪ್ಪಿರುವುದು ಲೇಸು.

ದಪ್ಪವಿದ್ದಷ್ಟೂ ಗಟ್ಟಿ ಎಂಬ ನಂಬಿಕೆಯನ್ನು ಮಾರುವವರು ಚೆನ್ನಾಗಿಯೇ ಬಳಸಿಕೊಳ್ಳುತ್ತಾರೆ. ಅಲಗಿನ ಉದ್ದ 18ರಿಂದ 23 ಸೆಂ.ಮೀ., ಬೆನ್ನಿನ ದಪ್ಪ 5 ಮಿ.ಮೀ.ಗೆ ಹತ್ತಿರವಿದ್ದರೆ ಬೇರೇನೂ ಬೇಕಿಲ್ಲ. ಅದಕ್ಕಿಂತ ದಪ್ಪನಾದ ಅಲಗು ಮರದೊಳಗೆ ಆಳಕ್ಕೆ ಇಳಿಯುವುದಿಲ್ಲ, ಮಣಿಕಟ್ಟನ್ನು ಮಾತ್ರ ಬೇಗ ದಣಿಸುತ್ತದೆ. ಬಹುಕಾಲದಿಂದ ಹೆಸರಾಗಿರುವ ಕಾ-ಬಾರ್ ಕಂಪನಿಯ ಬೆಕರ್ ಬಿಕೆ9 ಕತ್ತಿ ಸರಿಸುಮಾರು ಇದೇ ಅಳತೆಯದು. ಅಂಥದ್ದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಉಳಿದವನ್ನು ತೂಗಿ ನೋಡಬಹುದು.

ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಅಷ್ಟೇ ಅಗಲವಾಗಿ ಸಾಗಿರಬೇಕು, ಅಂದರೆ ಫುಲ್ ಟ್ಯಾಂಗ್ ಆಗಿರಬೇಕು. ಇದರಲ್ಲಿ ರಾಜಿ ಬೇಡ. ಬೆಂಕಿಪೊಟ್ಟಣ, ಗಾಳದ ದಾರ ಇತ್ಯಾದಿ ತುಂಬಿಸಿಡುವ ಟೊಳ್ಳು ಹಿಡಿಯ ಕತ್ತಿಗಳು ನೋಡಲು ಚೆಂದ, ಆದರೆ ಅಗ್ಗದವು ಬಲವಾದ ಪೆಟ್ಟಿಗೆ ಅಲಗೂ ಹಿಡಿಯೂ ಸೇರುವಲ್ಲೇ ತುಂಡಾಗುತ್ತವೆ. ಬೆನ್ನಿನ ಮೇಲೆ ಗರಗಸದ ಹಲ್ಲುಗಳೂ ಬೇಡ. ಸೌದೆ ಸೀಳಲು ಅಲಗಿನ ಬೆನ್ನಿಗೆ ಕೊರಡಿನಿಂದ ಬಡಿಯುವಾಗ ಆ ಹಲ್ಲುಗಳು ಕೊರಡನ್ನೇ ತರಿದುಹಾಕುತ್ತವೆ.

ಕಾರ್ಬನ್ ಉಕ್ಕಿಗೆ ತುಕ್ಕು ಹಿಡಿಯುವುದು ನಿಜ. ಕೆಲಸ ಮುಗಿದ ಮೇಲೆ ಒರೆಸಿ, ತೆಳುವಾಗಿ ಎಣ್ಣೆ ಸವರಿಟ್ಟರೆ ಅದು ದೊಡ್ಡ ತೊಂದರೆಯೇನಲ್ಲ. ಚರ್ಮದ ಒರೆ ತೇವ ಹಿಡಿದಿಡುವುದರಿಂದ ಅಲಗನ್ನು ಹೆಚ್ಚು ಕಾಲ ಅದರೊಳಗೇ ಬಿಡಬೇಡಿ. ಸಮುದ್ರದ ಉಪ್ಪುಗಾಳಿಯಲ್ಲಿಯೇ ಹೆಚ್ಚು ಬಳಸುವುದಾದರೆ ಮಾತ್ರ, ಹರಿತ ಬೇಗ ಇಳಿದರೂ ಸರಿಯೆಂದು, 420ರಂಥ ಸ್ಟೇನ್‌ಲೆಸ್ ಉಕ್ಕಿನದನ್ನು ಆರಿಸಿಕೊಳ್ಳಿ.