ಎಂಎಚ್‌ಎ ಓದಲು ಅಮೆರಿಕಕ್ಕೆ ಹೊರಟ ಜಮಖಂಡಿಯ ತಂಗಿಗೆ

ತಂಗೀ,

ನಿನ್ನ ಉದ್ದನೆಯ ಪತ್ರ ಓದಿದೆ. ಬಿಎಸ್ಸಿ ನರ್ಸಿಂಗ್ ಮುಗಿದಿದೆ, ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಆಯುಷ್ಮಾನ್ ಡೆಸ್ಕ್ ನೋಡಿಕೊಳ್ಳುತ್ತೀಯ, ವಾರ್ಡಿನ ಕೆಲಸ ಸಾಕಾಗಿದೆ. ಆಸ್ಪತ್ರೆ ನಡೆಸುವುದನ್ನು ಕಲಿಯಬೇಕು, ಅದಕ್ಕೆ ಅಮೆರಿಕದಲ್ಲಿ ಎಂಎಚ್‌ಎ, ಅಂದರೆ ಆಸ್ಪತ್ರೆ ಆಡಳಿತದ ಮಾಸ್ಟರ್ಸ್, ಮಾಡಬೇಕು ಅನ್ನುತ್ತೀಯ. ಜಿಆರ್‌ಇ ಪರೀಕ್ಷೆ ಬೇಕಾ, ಓದಿದ ಮೇಲೆ ಕೆಲಸ ಸಿಗುತ್ತಾ, ಚಳಿ ಹೇಗೆ, ಕುಕ್ಕರ್ ತರಬೇಕಾ ಅಂತ ಕೇಳಿದ್ದೀಯ. ಕೊನೆಗೆ ಒಂದು ಸಾಲು: "ಅಕ್ಕಾರ, ಅಲ್ಲಿ ನಮ್ಮ ಮಂದಿ ಅದಾರೇನ್ರಿ?" ನಾನು ಜಾಸ್ತಿ ಬರೆಯುವುದು ಈ ಕೊನೆಯ ಸಾಲಿಗೇ. ಇದೇ ಪ್ರಶ್ನೆ ಕೇಳುವವರು ಬೇರೆಯವರೂ ಇದ್ದಾರೆ, ಅದಕ್ಕೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕುವುದಿಲ್ಲ.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಜಿಆರ್‌ಇ ಈಗ ಬಹಳ ಕಡೆ ಕೇಳುವುದಿಲ್ಲ, ಒಂದೊಂದು ಕಾಲೇಜಿನದೂ ನೋಡಿಕೋ. ಇಂಗ್ಲಿಷ್ ಪರೀಕ್ಷೆ, ಟೋಫೆಲ್ ಇಲ್ಲವೇ ಐಇಎಲ್‌ಟಿಎಸ್, ಸಾಮಾನ್ಯವಾಗಿ ಬೇಕೇ ಬೇಕು. ಚಳಿ ಇದೆ. ಕೋಟು ಇಲ್ಲಿ ಬಂದು ತಗೋ, ಅಲ್ಲಿಯ ಸ್ವೆಟರ್ ಇಲ್ಲಿ ಏನೂ ನಡೆಯುವುದಿಲ್ಲ. ಕುಕ್ಕರ್ ತಾ. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಹಳೆಯದಿರುತ್ತದೆ, ಬಡಿಯುವಾಗ ರೊಟ್ಟಿ ಹರಿಯುತ್ತದೆ. ಅವ್ವನ ಕೈಲಿ ಕಡಕ್ ರೊಟ್ಟಿ ಮಾಡಿಸಿಕೊಂಡು ಬಾ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಜೊತೆಗೆ. ವಿಮಾನ ಇಳಿದಾಗ ತಿನ್ನುವ ವಸ್ತು ಇದೆ ಅಂತ ಹೇಳಿಬಿಡು. ಮುಚ್ಚಿಟ್ಟರೆ ತೊಂದರೆ.

ಈಗ ಓದಿನ ಮಾತು. ಈ ಓದಿಗೆ ಇಲ್ಲಿ ಒಂದೇ ಹೆಸರಿಲ್ಲ. ಎಂಎಚ್‌ಎ ಅನ್ನುವವರಿದ್ದಾರೆ, ಎಂಎಚ್‌ಎಸ್‌ಎ ಅನ್ನುವವರಿದ್ದಾರೆ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್) ಒಳಗೇ ಹೆಲ್ತ್ ಮ್ಯಾನೇಜ್‌ಮೆಂಟ್ ಅಂತ ಇಟ್ಟವರೂ ಇದ್ದಾರೆ. 1934ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಶುರುವಾದ ಹಳೆಯ ಓದು ಇದು. ಸಾಮಾನ್ಯವಾಗಿ ಎರಡು ವರ್ಷ. ಹೆಸರಿಗಿಂತ ಸಿಎಎಚ್‌ಎಂಇ ಮಾನ್ಯತೆ ಇದೆಯಾ ನೋಡು. ಈ ಓದಿಗೆ ಮಾನ್ಯತೆ ಕೊಡುವ ಸಂಸ್ಥೆ ಅದು, ಪಟ್ಟಿ ಅವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ದೊಡ್ಡ ಆಸ್ಪತ್ರೆಗಳು ಫೆಲೋಶಿಪ್‌ಗೆ ತೆಗೆದುಕೊಳ್ಳುವಾಗ ಇದನ್ನು ಕೇಳುವುದುಂಟು.

ಪಾಠಕ್ಕೆ ಹೆದರಬೇಡ. ನಾನು ಹೊರಟಾಗ ಬಿಜಾಪುರ ಇನ್ನೂ ಬಿಜಾಪುರವೇ ಆಗಿತ್ತು, ನಾನು ಅಲ್ಲೊಂದು ಆಸ್ಪತ್ರೆಯಲ್ಲಿ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡಿನ ಡೆಸ್ಕ್‌ನಲ್ಲಿದ್ದೆ. ಇಲ್ಲಿ ಮೊದಲ ಸೆಮಿಸ್ಟರ್‌ನಲ್ಲಿ ಪ್ರೊಫೆಸರ್ ಡಿಆರ್‌ಜಿ ಅನ್ನುವುದನ್ನು ಭಾರೀ ಗಂಭೀರವಾಗಿ ಹೇಳಿಕೊಟ್ಟರು. 1983ರಿಂದ ಮೆಡಿಕೇರ್, ಅಂದರೆ ಮುಖ್ಯವಾಗಿ 65 ದಾಟಿದವರಿಗೆ ಇರುವ ಸರ್ಕಾರಿ ವಿಮೆ, ಒಳರೋಗಿಗೆ ದಿನಕ್ಕಿಷ್ಟು ಗುಳಿಗೆಗಿಷ್ಟು ಅಂತ ಲೆಕ್ಕ ಹಾಕಿ ಕೊಡುವುದನ್ನು ಬಿಟ್ಟಿತು. ಕಾಯಿಲೆಗಳನ್ನು ಗುಂಪು ಮಾಡಿ, ಈ ಗುಂಪಿಗೆ ಇಷ್ಟು ಅಂತ ಗೊತ್ತು ಮಾಡಿತು. ರೋಗಿ ಬೇಗ ಮನೆಗೆ ಹೋದರೆ ಆಸ್ಪತ್ರೆಗೆ ಉಳಿತಾಯ, ಮಲಗೇ ಇದ್ದರೆ ಲುಕ್ಸಾನು. ಪಕ್ಕದಲ್ಲಿ ಕೂತವರು ತಲೆ ಕೆರೆದುಕೊಳ್ಳುತ್ತಿದ್ದರು. ನನಗೆ ನಗು ಬಂತು. ನಮ್ಮ ಪ್ಯಾಕೇಜ್ ರೇಟ್ ಅಲ್ವಾ ಇದು! ನೀನು ದಿನಾ ಕಳಿಸುವ ಪ್ರೀ-ಆಥ್ (ಚಿಕಿತ್ಸೆಗೆ ಮೊದಲೇ ಕೇಳುವ ಒಪ್ಪಿಗೆ), ವಾಪಸ್ ಬರುವ ಕ್ವೆರಿ, ಕತ್ತರಿಸಿದ ಕ್ಲೇಮು, ಎಲ್ಲಾ ಇಲ್ಲೂ ಇದೆ. ಹಣ ಕೊಡುವವನು ಅಲ್ಲಿ ಒಬ್ಬ, ಇಲ್ಲಿ ಹತ್ತಾರು ಜನ, ಒಬ್ಬೊಬ್ಬನದೂ ಒಂದೊಂದು ನಿಯಮ.

ಕೆಲಸದ ವಿಷಯ ಮಾತ್ರ ಇಷ್ಟು ಹಗುರ ಅಲ್ಲ. ಎರಡನೇ ವರ್ಷ ಶುರುವಾಗುತ್ತಿದ್ದ ಹಾಗೆ ಕ್ಲಾಸಿನವರೆಲ್ಲ ಅಡ್ಮಿನಿಸ್ಟ್ರೇಟಿವ್ ಫೆಲೋಶಿಪ್‌ಗೆ ಅರ್ಜಿ ಹಾಕುತ್ತಾರೆ. ಆಸ್ಪತ್ರೆಯ ದೊಡ್ಡ ಅಧಿಕಾರಿಗಳ ಜೊತೆ ಒಂದೋ ಎರಡೋ ವರ್ಷ ಇದ್ದು ಕಲಿಯುವ ಕೆಲಸ ಅದು, ಮೇಲೆ ಹೋಗಲು ನೆಟ್ಟಗಿನ ದಾರಿ. ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ವೀಸಾ ಸ್ಪಾನ್ಸರ್ ಮಾಡುವುದಿಲ್ಲ ಅಂತ ಇರುತ್ತದೆ. ಎಲ್ಲರೂ ಹಾಗಲ್ಲ, ಬಹಳ ಜನ ಹಾಗೆ. ನನ್ನ ಮಾರ್ಕ್ಸ್ ನೋಡದೆ ಆ ಒಂದು ಸಾಲಿನ ಮೇಲೇ ನನ್ನನ್ನು ಬಿಟ್ಟವರಿದ್ದಾರೆ. ನಾನು ಕೊನೆಗೆ ಸೇರಿದ್ದು ಡಿನೈಯಲ್ ವಿಭಾಗಕ್ಕೆ. ವಿಮೆಯವರು ತಿರಸ್ಕರಿಸಿದ ಬಿಲ್ಲುಗಳ ಮೇಲೆ ಅಪೀಲು ಬರೆಯುವ ಕೆಲಸ. ಅಂದರೆ ಬಿಜಾಪುರದಲ್ಲಿ ಬಿಟ್ಟು ಬಂದ ಕುರ್ಚಿಗೇ ಬಂದು ಕೂತೆ, ಸಂಬಳ ಬೇರೆ. ಕ್ವಾಲಿಟಿ ವಿಭಾಗಕ್ಕೆ ಹೋಗಲು ವರ್ಷಗಳೇ ಹಿಡಿದವು.

ಹಾಗಾಗಿ ಅರ್ಜಿ ಹಾಕುವ ಮೊದಲೇ ಕಾಲೇಜಿಗೆ ಒಂದು ಪ್ರಶ್ನೆ ಕೇಳು: ನಿಮ್ಮ ಕೋರ್ಸ್‌ನ ಸಿಐಪಿ ಕೋಡ್ ಯಾವುದು? ಯಾವ ವಿಷಯದ ಓದು ಅಂತ ಹೇಳುವ ಸರ್ಕಾರಿ ಸಂಖ್ಯೆ ಅದು. ಓದಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಲು ಬಿಡುತ್ತಾರೆ. ಕೋರ್ಸ್ ಸ್ಟೆಮ್ ಪಟ್ಟಿಯಲ್ಲಿದ್ದರೆ, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿದ್ದರೆ, ಅದರ ಮೇಲೆ ಇನ್ನೂ 24 ತಿಂಗಳು. ಮಾಮೂಲು ಹೆಲ್ತ್ ಅಡ್ಮಿನಿಸ್ಟ್ರೇಷನ್ ಕೋಡ್ 51.0701, ಅದು ಸ್ಟೆಮ್ ಅಲ್ಲ. ಕೆಲವು ಕಾಲೇಜುಗಳು ಬೇರೆ ಕೋಡ್‌ನಲ್ಲಿ ನಡೆಸುತ್ತವೆ. ಬ್ರೋಷರ್ ಎಷ್ಟೇ ಚೆನ್ನಾಗಿರಲಿ, ವೀಸಾಕ್ಕೆ ಅಂತ ಕಾಲೇಜು ಕೊಡುವ ಐ-20 ಪತ್ರದಲ್ಲಿ ಬರೆದ ಕೋಡೇ ಲೆಕ್ಕ. ಕೆಲಸದ ವೀಸಾ ಎಚ್-1ಬಿಯ ಲಾಟರಿ ನಿನಗೆ ಗೊತ್ತೇ ಇದೆ: ವರ್ಷಕ್ಕೆ 65,000, ಇಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ವಿಶ್ವವಿದ್ಯಾಲಯದ ಜೊತೆ ಸೇರಿಕೊಂಡ, ಲಾಭಕ್ಕಲ್ಲದ ಆಸ್ಪತ್ರೆಗಳು ಈ ಲಾಟರಿಯ ಹೊರಗೆ. ನಾನು ಉಳಿದದ್ದು ಆ ದಾರಿಯಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ, ಹೊರಗಿನಿಂದ ಹೊಸದಾಗಿ ಕರೆಸಿಕೊಳ್ಳುವ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಕಟ್ಟಬೇಕು ಅಂತ ಆದೇಶ ಬಂತು. ನಿಯಮ ಹೀಗೆ ಬದಲಾಗುತ್ತಲೇ ಇರುತ್ತದೆ. ನನ್ನ ಮಾತೂ ನಂಬಬೇಡ, ಏಜೆಂಟನ ಮಾತಂತೂ ಬೇಡವೇ ಬೇಡ. ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಗೆ ಬರೆದು, ಬರಹದಲ್ಲೇ ಉತ್ತರ ತಗೋ.

ಇನ್ನೊಂದು ದಾರಿ ನಿನಗಿದೆ, ನನಗಿರಲಿಲ್ಲ. ನೀನು ನರ್ಸಿಂಗ್ ಓದಿದವಳು. ಇಲ್ಲಿಯ ನರ್ಸ್ ಲೈಸೆನ್ಸಿನ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದು ನರ್ಸ್ ಆಗಿ ಬಂದರೆ, ಆಮೇಲೆ ಕೆಲಸ ಮಾಡುತ್ತಲೇ ಎಂಎಚ್‌ಎ ಮಾಡಬಹುದು. ಫೀಸಿನಲ್ಲಿ ಸ್ವಲ್ಪ ಕೊಡುವ ಆಸ್ಪತ್ರೆಗಳೂ ಇವೆ. ಭಾರತದವರಿಗೆ ಗ್ರೀನ್ ಕಾರ್ಡ್ ಸಾಲು ಉದ್ದ, ಕಾಯಬೇಕು. ವಾರ್ಡ್ ಬೇಡ ಅಂತ ಬರೆದಿದ್ದೀಯ, ಸರಿ. ಆದರೆ ಇಲ್ಲಿ ನರ್ಸ್ ಆಗಿ ಮೇಲೆ ಬಂದ ಅಧಿಕಾರಿಗಳ ಮಾತಿಗೆ ಮೀಟಿಂಗಿನಲ್ಲಿ ಇರುವ ಬೆಲೆಯೇ ಬೇರೆ. ನಾನು ನೋಡುತ್ತಲೇ ಇದ್ದೇನೆ.

ಇನ್ನು ನಮ್ಮ ಮಂದಿ. ಇದ್ದಾರವ್ವಾ, ಇದ್ದಾರೆ. ನಾನು ಅಯೋವಾ ರಾಜ್ಯಕ್ಕೆ ಬಂದಿಳಿದ ರಾತ್ರಿ ನನ್ನ ಪೆಟ್ಟಿಗೆ ಬಂದಿರಲಿಲ್ಲ. ಕರೆದುಕೊಂಡು ಹೋಗಲು ಬಂದದ್ದು ಇಳಕಲ್ ಕಡೆಯ ಒಂದು ಮನೆಯವರು, ಅಪ್ಪನ ಗೆಳೆಯರ ಮೂಲಕ ಗುರುತು. ವೈನಿ ತಮ್ಮ ಸೀರೆ ಕೊಟ್ಟರು, ಅಣ್ಣಾರು ಬ್ಯಾಂಕ್ ಖಾತೆ ತೆರೆಸಿದರು. ಮೊದಲ ಚಳಿಗಾಲದ ಕೋಟು ಅವರದೇ. ಅವರ ಋಣ ದೊಡ್ಡದು, ಇದನ್ನು ಮೊದಲು ಹೇಳಿಯೇ ಮುಂದಿನದು ಹೇಳಬೇಕು.

ಕೆಲವು ವರ್ಷದ ಮೇಲೆ ಅಣ್ಣಾರ ಅಪ್ಪ ಊರಿಂದ ಮೊಮ್ಮಕ್ಕಳನ್ನು ನೋಡಲು ಬಂದರು. ಎದೆ ನೋವು ಅಂತ ನಾನಿದ್ದ ಆಸ್ಪತ್ರೆಗೇ ಸೇರಿಸಿದರು. ರಾತ್ರಿ ಅಣ್ಣಾರ ಫೋನು: "ತಂಗೀ, ನಿನ್ನ ಕಂಪ್ಯೂಟರಿನ್ಯಾಗ ಅಪ್ಪಾರ ರಿಪೋರ್ಟ್ ಸುಮ್ನ ಒಮ್ಮೆ ನೋಡವಾ. ಡಾಕ್ಟರು ಖರೇ ಹೇಳಾಕತ್ತಾರೋ ಇಲ್ಲೋ ತಿಳೀವಲ್ದು."

ನಿನಗೆ ಇದರಲ್ಲಿ ಏನೂ ವಿಶೇಷ ಅನ್ನಿಸುವುದಿಲ್ಲ. ನನಗೂ ಅನ್ನಿಸಲಿಲ್ಲ. ಜಮಖಂಡಿಯಿಂದ ಮಿರಜಕ್ಕೆ ಹೋಗುವ ಬಸ್ಸು ನೋಡಿದವಳು ನೀನು, ಅರ್ಧ ಮಂದಿಯ ಕೈಯಲ್ಲಿ ಎಕ್ಸ್-ರೇ ಚೀಲ. ಮಿರಜಕ್ಕೋ ಬೆಳಗಾವಿಗೋ ಸೊಲ್ಲಾಪುರಕ್ಕೋ ಹೊರಟವರು ಯಾವ ಡಾಕ್ಟರು ಅಂತ ಆಮೇಲೆ ಕೇಳುತ್ತಾರೆ, ಅಲ್ಲಿ ನಮ್ಮವರು ಯಾರಿದ್ದಾರೆ ಅಂತ ಮೊದಲು ಕೇಳುತ್ತಾರೆ. ಯಶಸ್ವಿನಿ ಡೆಸ್ಕ್‌ನಲ್ಲಿ ನಾನೇ ಆ "ನಮ್ಮಾಕಿ" ಆಗಿದ್ದೆ. ಮುಧೋಳ ಕಡೆಯಿಂದ ಯಾರೇ ಬರಲಿ, ಎದ್ದು ಹೋಗಿ ಓಪಿಡಿ ತೋರಿಸುತ್ತಿದ್ದೆ, ಫೈಲ್ ಇಣುಕಿ ನೋಡಿ ಹೆದರಬೇಡಿ ಅನ್ನುತ್ತಿದ್ದೆ. ನಮ್ಮ ಅಪ್ಪನಿಗೆ ಅದೇ ಹೆಮ್ಮೆ.

ಇಲ್ಲಿ ಹಿಪಾ ಅಂತ 1996ರ ಕಾನೂನಿದೆ. ನಿನ್ನ ಕೆಲಸಕ್ಕೆ ಬೇಕಿಲ್ಲದ ರೋಗಿಯ ದಾಖಲೆಯನ್ನು ನೀನು ತೆರೆಯುವ ಹಾಗಿಲ್ಲ. ಯಾರು, ಎಷ್ಟು ಗಂಟೆಗೆ, ಯಾವ ಪುಟ ತೆರೆದರು ಅನ್ನುವುದೆಲ್ಲ ಕಂಪ್ಯೂಟರಿನಲ್ಲಿ ಉಳಿಯುತ್ತದೆ, ಅದನ್ನು ನೋಡುವುದಕ್ಕೇ ಒಂದು ವಿಭಾಗ ಇದೆ. ನೆರೆಮನೆಯವರ ಫೈಲ್ ಇಣುಕಿದ್ದಕ್ಕೆ ಕೆಲಸ ಹೋದವರಿದ್ದಾರೆ. ನನ್ನ ವೀಸಾ ಆ ಕೆಲಸದ ಮೇಲೇ ನಿಂತಿತ್ತು. ಆಗುವುದಿಲ್ಲ ಅಣ್ಣಾ ಅಂದೆ. ಅಪ್ಪಾರ ಕೈಲಿ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿ, ಡಾಕ್ಟರು ಆಮೇಲೆ ನಿಮ್ಮ ಹತ್ತಿರ ಬಿಚ್ಚಿ ಮಾತಾಡುತ್ತಾರೆ. ರೋಗಿಯೇ ತನ್ನ ದಾಖಲೆ ನೋಡುವ ಮೈಚಾರ್ಟ್‌ನಲ್ಲಿ ಖಾತೆ ಮಾಡಿಸಿ, ರಿಪೋರ್ಟ್ ಬರುತ್ತದೆ. ಇಂಟರ್‌ಪ್ರಿಟರ್ ಕೇಳಿ, ಕೊಡಲೇಬೇಕು, ಅದಕ್ಕೆ ದುಡ್ಡಿಲ್ಲ. ಎಲ್ಲಾ ಹೇಳಿದೆ. ಆ ಕಡೆಯಿಂದ ಬರೀ "ಹ್ಞೂಂ".

ಸಂಜೆ ಹೋಗಿ ಅಜ್ಜಾರ ಹತ್ತಿರ ಕೂತೆ. ಅವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಊರ ಕಡೆ ಮಳಿ ಆತೇನವಾ ಅಂತ ಕೇಳಿದರು, ಇಲ್ಲಿಯ ಸಾರಿನಲ್ಲಿ ಖಾರವೇ ಇಲ್ಲ ಅಂತ ಬೈದರು. ಗುಣ ಆಗಿ ಮನೆಗೆ ಹೋದರು. ಆಮೇಲೆ ಬಿಲ್ಲು ಬಂತು. ಮೊದಲಿನಿಂದ ಇದ್ದ ಕಾಯಿಲೆ ಅಂತ ಪ್ರವಾಸದ ವಿಮೆಯವರು ಕೈ ಎತ್ತಿದರು. ಲಾಭಕ್ಕಲ್ಲದ ಆಸ್ಪತ್ರೆ ಬಡವರಿಗೆ ಬಿಲ್ಲು ಇಳಿಸುವ ನಿಯಮ ಇಟ್ಟಿರಲೇಬೇಕು ಇಲ್ಲಿ, ಆ ಅರ್ಜಿ ಹಾಕಿ ನೋಡಿ ಅಂತ ಹೇಳಲು ಫೋನ್ ಮಾಡಿದೆ. ವೈನಿ ಎತ್ತಲಿಲ್ಲ. ಒಳಗೇ ಇದ್ದವಳು ಒಂದು ಮಾತು ಆಡಲಿಲ್ಲ, ಫಾರ್ಮ್ ತೋರಿಸಿದಳು ಅಂತ ಅವರ ಮನಸ್ಸಿಗೆ. ಮುಂದೆ ಅಜ್ಜಾರು ಊರಲ್ಲಿ ತೀರಿಕೊಂಡದ್ದು ನನಗೆ ಬೇರೆ ಯಾರಿಂದಲೋ ಗೊತ್ತಾಯಿತು. ಯುಗಾದಿಗೆ ಸಿಕ್ಕರೆ ಮಾತಾಡುತ್ತೇವೆ. ಊಟಕ್ಕೆ ಬಾ ಅನ್ನುವುದು ನಿಂತಿದೆ.

ಇವತ್ತು ಕೇಳಿದರೂ ನಾನು ಆಗುವುದಿಲ್ಲ ಅಂತಲೇ ಹೇಳುತ್ತೇನೆ. ಆದರೂ ಆ ಮನೆಯ ಮುಂದೆ ಕಾರು ಹೋಗುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅದಕ್ಕೇ ನಿನಗೆ ಹೇಳುವುದು: ಆಸ್ಪತ್ರೆಯಲ್ಲಿ ಕೆಲಸ ಸಿಕ್ಕ ದಿನವೇ ನಮ್ಮ ಮಂದಿಗೆಲ್ಲ ನಗುನಗುತ್ತಾ ಹೇಳಿಬಿಡು. ನನ್ನ ಕೈಲಿ ಫೈಲ್ ನೋಡಲಾಗುವುದಿಲ್ಲ, ಆದರೆ ಯಾವ ಅರ್ಜಿ, ಯಾವ ಬಾಗಿಲು, ಯಾರನ್ನು ಕೇಳಬೇಕು ಅಂತ ಹೇಳಿಕೊಡುತ್ತೇನೆ ಅಂತ. ಕಾಯಿಲೆ ಬಂದ ರಾತ್ರಿ ಅದನ್ನು ಕೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ನಮ್ಮ ಕಡೆಯದನ್ನು ಬರೀ ವಶೀಲಿ ಅನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ, ಅದೂ ಇರಲಿ. 1990ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಡಾ. ಹೆರಾಲ್ಡ್ ಫ್ರೀಮನ್ ಅನ್ನುವ ಡಾಕ್ಟರು, ಬಡ ಕ್ಯಾನ್ಸರ್ ರೋಗಿಗಳ ಕೈ ಹಿಡಿದು ಆಸ್ಪತ್ರೆಯೊಳಗೆ ದಾರಿ ತೋರಿಸಲು ಜನರನ್ನು ಇಟ್ಟರು. ಪೇಶೆಂಟ್ ನ್ಯಾವಿಗೇಟರ್ ಅನ್ನುತ್ತಾರೆ. ಈಗ ದೇಶದ ತುಂಬಾ ಇದ್ದಾರೆ, ಸಂಬಳದ ಕೆಲಸ. ಕ್ಲಾಸಿನಲ್ಲಿ ಇದನ್ನು ಹೊಸ ವಿಚಾರ ಅಂತ ಹೇಳಿದಾಗ ನಾನು ಕೈ ಎತ್ತಿ, ಬಿಜಾಪುರದಲ್ಲಿ ನಾನು ಇದನ್ನು ಪುಕ್ಕಟೆ ಮಾಡುತ್ತಿದ್ದೆ ಅಂದೆ. ಎಲ್ಲರೂ ನಕ್ಕರು. ನಾನು ಖರೇನೇ ಹೇಳಿದ್ದೆ.

ಸಾಲದ ಬಗ್ಗೆ ಅಪ್ಪಾಜಿ ನೀರಾವರಿ ಹೊಲ ಒತ್ತೆ ಇಡುತ್ತಾರೆ ಅಂತ ಬರೆದಿದ್ದೀಯ. ಬೇಡ. ಈ ಓದಿಗೆ ಸ್ಕಾಲರ್‌ಶಿಪ್ ಕಡಿಮೆ, ಅಸಿಸ್ಟಂಟ್‌ಶಿಪ್ ಸಿಕ್ಕರೂ ಪಾಠ ನಡೆಯುವಾಗ ಕಾಲೇಜಿನೊಳಗೆ ವಾರಕ್ಕೆ 20 ಗಂಟೆ ಮಾತ್ರ. 12 ತಿಂಗಳ ಒಪಿಟಿ ನಂಬಿ ಹೊಲ ಒತ್ತೆ ಇಡುವ ಲೆಕ್ಕ ನನಗೆ ಹಿಡಿಸುವುದಿಲ್ಲ. ಮುಂಬಯಿಯ ಟಿಸ್‌ನಲ್ಲೂ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್) ಆಸ್ಪತ್ರೆ ಆಡಳಿತದ ಮಾಸ್ಟರ್ಸ್ ಇದೆ, ಅದಕ್ಕೂ ಒಂದು ಅರ್ಜಿ ಹಾಕು. ಬೇಕಾದರೆ ಅಪ್ಪಾಜಿಯವರ ಹತ್ತಿರ ನಾನೇ ಮಾತಾಡುತ್ತೇನೆ, ನಿಮ್ಮ ರಾತ್ರಿ ಊಟ ಆದ ಮೇಲೆ, ನನಗೆ ಆಗ ಬೆಳಗು.

ನಿನ್ನ ಎಸ್‌ಒಪಿ, ಅಂದರೆ ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆಯುವ ಪತ್ರ, ಕಳಿಸು. ಚಿಕ್ಕಂದಿನಿಂದ ಜನಸೇವೆಯ ಆಸೆ ಅನ್ನುವ ಸಾಲು ಇದ್ದರೆ ಹೊಡೆದು ಹಾಕು, ಎಲ್ಲರೂ ಅದನ್ನೇ ಬರೆಯುತ್ತಾರೆ. ಅದರ ಜಾಗದಲ್ಲಿ, ರಿಜೆಕ್ಟ್ ಆದ ಒಂದು ಪ್ರೀ-ಆಥನ್ನು ನೀನು ಯಾವ ಕಾಗದ ಹುಡುಕಿ, ಯಾರನ್ನು ಹಿಡಿದು ಪಾಸು ಮಾಡಿಸಿದೆ ಅಂತ ಬರೆ. ರೋಗಿಯ ಹೆಸರು ಹಾಕಬೇಡ.