ಅಂಕೋಲೆಯಿಂದ ಬರೆದವರಿಗೆ: ನಿಮ್ಮ ಮಾವನ ಬ್ರಶ್ಶು ಎಲ್ಲಿ?

ನಮಸ್ಕಾರ. ಅಮೆರಿಕದ ಚಿತ್ರಕಾರ ಫಿಲಿಪ್ ಗಸ್ಟನ್ ಮೇಲೆ ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಒಮ್ಮೆ ಶಿರಸಿಯ ಈ ಕೋಣೆಯಲ್ಲಿ, ಇನ್ನೊಮ್ಮೆ ಕುಮಟಾ ಬಸ್ಸಿನಲ್ಲಿ. ಎರಡನೇ ಸಲ ನಿದ್ದೆ ಬಂತು. ದೇವಿಮನೆ ಘಟ್ಟದ ತಿರುವುಗಳಲ್ಲೂ ನಿದ್ದೆ ಬರುತ್ತದೆ ಅಂದರೆ ಲೇಖನದಲ್ಲಿ ಏನೋ ತೊಂದರೆ ಇದೆ, ಅಲ್ವಾ?

ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮೊದಲ ಮೂರು ಪುಟ ಬರೀ ಹುಟ್ಟು, ಓದು, ಪ್ರಶಸ್ತಿ. 1913ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಅನ್ನುವುದಕ್ಕೆ ಒಂದು ಸಾಲು ಸಾಕು. ಆಮೇಲೆ ರಾಶಿ, ಬೆಟ್ಟೆ, ಕೋಕಾ ಅಂತ ಅಡಿಕೆ ಆರಿಸಿದ ಹಾಗೆ ಆತನ ಬದುಕನ್ನು ಮೂರು ಗುಡ್ಡೆ ಮಾಡಿದ್ದೀರಿ: ಗೋಡೆಚಿತ್ರ, ಅಮೂರ್ತ, ಕಾರ್ಟೂನು. ನಡುವಿನ ಗುಡ್ಡೆಗೆ "ರಾಜಕೀಯ ಮರೆತು ಕೂತ ಕಾಲ" ಎಂಬ ತೀರ್ಪು ಬೇರೆ. ದಾರಿ ತಪ್ಪಿದ್ದು ಇಲ್ಲೇ.

ಆತ ಹೊರಟದ್ದೇ ರಾಜಕೀಯದಿಂದ. 1930ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ, ಲಾಸ್ ಏಂಜಲೀಸ್‌ನಲ್ಲಿ ಕು ಕ್ಲಕ್ಸ್ ಕ್ಲಾನ್ ವಿರುದ್ಧ ಚಿತ್ರ ಬರೆದ. ಬಿಳಿ ಮುಸುಕು ಹಾಕಿಕೊಂಡು ಕಪ್ಪು ಜನರನ್ನು ಕೊಲ್ಲುತ್ತಿದ್ದ ಗುಂಪು ಅದು. ಪೊಲೀಸರ ದಾಳಿಯಲ್ಲಿ ಆ ಚಿತ್ರಗಳು ಹಾಳಾದವು. 1934-35ರಲ್ಲಿ ಮೆಕ್ಸಿಕೋದ ಮೊರೆಲಿಯಾದಲ್ಲಿ, ಗೆಳೆಯನ ಜೊತೆ ಸೇರಿ ದೊಡ್ಡ ಗೋಡೆಯೊಂದರ ಮೇಲೆ ಹಿಂಸೆಯ ವಿರುದ್ಧ ಬರೆದ. ಅಲ್ಲೂ ಮುಸುಕುಗಳಿವೆ. 1950ರ ದಶಕಕ್ಕೆ ಬಂದರೆ ಆಕಾರಗಳೆಲ್ಲ ಕರಗಿ ಗುಲಾಬಿ, ಕೆಂಪು ಬಣ್ಣದ ಎಳೆಗಳಷ್ಟೇ ಉಳಿದಿದ್ದವು. ನೋಡೋಕೆ ಬಹಳ ಚೆಂದ. ಹೆಸರೂ ಬಂತು.

ಆಮೇಲೆ 1968. ವಿಯೆಟ್ನಾಂ ಯುದ್ಧ, ಶಿಕಾಗೋ ಬೀದಿಯಲ್ಲಿ ಯುದ್ಧ ಬೇಡ ಎಂದವರ ಮೇಲೆ ಪೊಲೀಸರ ಲಾಠಿ. ಈ ಮನುಷ್ಯ ಮನೆಯಲ್ಲಿ ಕೂತು ಪತ್ರಿಕೆ ಓದಿ ಕುದಿಯುತ್ತಾನೆ. ಎದ್ದು ಸ್ಟುಡಿಯೋಕ್ಕೆ ಹೋಗಿ ಕೆಂಪನ್ನು ನೀಲಿಗೆ ಹೊಂದಿಸುತ್ತಾನೆ. ನಾನೆಂಥ ಮನುಷ್ಯ ಎಂದು ಆತ ತನ್ನನ್ನೇ ಕೇಳಿಕೊಂಡ. ನಿಮ್ಮಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ ಸಾಲು, ಅದೂ ಏಳನೇ ಪುಟದಲ್ಲಿ. ನಾನಾಗಿದ್ದರೆ ಇಲ್ಲಿಂದಲೇ ಶುರು ಮಾಡುತ್ತಿದ್ದೆ. ಕೈಗೆ ಒಗ್ಗಿದ್ದ ಆ ಚೆಂದವೇ ಆತನಿಗೆ ಚುಚ್ಚತೊಡಗಿತ್ತು. ಅದನ್ನು ಬಿಟ್ಟ. ಬಲ್ಬು, ಬೂಟಿನ ಅಡಿ, ಮೊಳೆ ಹೊಡೆದ ಹಲಗೆ, ಮತ್ತೆ ಮುಸುಕಿನ ಮಂದಿ. ಎಲ್ಲವೂ ದಪ್ಪ ದಪ್ಪ, ಒರಟು.

1969ರ 'ಸ್ಟುಡಿಯೋ' ಚಿತ್ರವನ್ನು "ಜನಾಂಗದ್ವೇಷದ ಖಂಡನೆ" ಎಂದು ಬರೆದು ಮುಂದೆ ಹೋಗಿದ್ದೀರಿ. ಸ್ವಲ್ಪ ನಿಲ್ಲಿ. ಮುಸುಕಿನವನೊಬ್ಬ ಸಿಗರೇಟು ಹಿಡಿದು ಚಿತ್ರ ಬರೆಯುತ್ತಿದ್ದಾನೆ. ಏನು ಬರೆಯುತ್ತಿದ್ದಾನೆ? ತನ್ನದೇ ಚಿತ್ರ, ಮುಸುಕಿನ ಸಮೇತ. ನಮ್ಮ ಶಿರಸಿಯ ಹೋಳಿಯಲ್ಲಿ ಬೇಡರ ವೇಷ ಬಂದಾಗ ನಾವೆಲ್ಲ ಮಾಡುವುದೇನು? ಬಣ್ಣದ ಹಿಂದೆ ಇರುವವ ಯಾರ ಮನೆ ಹುಡುಗ ಅಂತ ಹುಡುಕುತ್ತೇವೆ. ಇಲ್ಲೂ ಹಾಗೇ ಹುಡುಕಿ. ಗಸ್ಟನ್ ವಿಪರೀತ ಸಿಗರೇಟು ಸೇದುತ್ತಿದ್ದ. ಮುಸುಕಿನ ಒಳಗೆ ತನ್ನನ್ನೇ ಕೂರಿಸಿಕೊಂಡಿದ್ದಾನೆ.

1970ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಇವನ್ನು ತೋರಿಸಿದಾಗ ವಿಮರ್ಶಕರು ಹರಿಹಾಯ್ದರು. ಸಂಗೀತಗಾರ ಮಾರ್ಟನ್ ಫೆಲ್ಡ್‌ಮನ್ ಜೊತೆಗಿನ ಹಳೆಯ ಗೆಳೆತನ ಮುರಿಯಿತು. ಚಿತ್ರಕಾರ ಡಿ ಕೂನಿಂಗ್ ಮಾತ್ರ ಅಪ್ಪಿಕೊಂಡು, ಇದು ಸ್ವಾತಂತ್ರ್ಯದ ವಿಷಯ ಎಂದ. ಕುಂಚ ಹಿಡಿಯುವ ರೀತಿ ಬದಲಿಸಿದ್ದಕ್ಕೆ ಗೆಳೆಯನೇ ದೂರವಾಗುತ್ತಾನೆ! ನೀವು ಇದನ್ನು ಬಿಟ್ಟು, ಆತ ಬರೆದ ಆಗಿನ ಅಮೆರಿಕದ ಅಧ್ಯಕ್ಷ ನಿಕ್ಸನ್ ವ್ಯಂಗ್ಯಚಿತ್ರಗಳಿಗೆ ಎರಡು ಪುಟ ಕೊಟ್ಟಿದ್ದೀರಿ. 1971ರ ಆ ಚಿತ್ರಗಳು ಆತ ಬದುಕಿರುವಾಗ ಪುಸ್ತಕವಾಗಿ ಬರಲೇ ಇಲ್ಲ. ಒಂದು ಪ್ಯಾರಾ ಸಾಕು.

ಕೊನೆಗೆ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಯಾಕೆ ಬಂತು? ಅದರ ಮೇಲೆ ನನಗೂ ಹೆಮ್ಮೆ ಇದೆ. ಆದರೆ ಇಲ್ಲಿ ಸುಮ್ನೆ ಊರಿನ ಹೆಸರಿಗೆ ತಂದು ಕೂರಿಸಿದ ಹಾಗಿದೆ. "ಕಲೆ ಸಮಾಜದ ಕನ್ನಡಿ" ಎಂಬ ಸಾಲನ್ನೂ ತೆಗೆಯಿರಿ. ಆ ಕನ್ನಡಿ ನಮಗೆ ವಾರಕ್ಕೆ ಎರಡಾದರೂ ಬರುತ್ತದೆ.

ಊರು ನಿಮ್ಮ ಪತ್ರದಲ್ಲೇ ಇತ್ತು. ಲೇಖನದ ಜೊತೆ ನಾಲ್ಕು ಸಾಲು ಬರೆದಿದ್ದಿರಲ್ಲ: ನಿಮ್ಮ ಮಾವ ಅಂಗಡಿ ಬೋರ್ಡು, ಯಕ್ಷಗಾನದ ಬ್ಯಾನರು ಬರೆಯುವವರು, ಮುತ್ತು ಪೋಣಿಸಿದಂಥ ಅಕ್ಷರ. ಜಮೀನು ಹೋಗುತ್ತದೆ ಅಂತ ಊರವರು ಮೆರವಣಿಗೆ ಹೊರಟ ದಿನ ಮಾತ್ರ ಸುಣ್ಣ ಬಳಿಯುವ ಬ್ರಶ್ಶಿನಲ್ಲಿ ಬಟ್ಟೆಯ ಮೇಲೆ ಸೊಟ್ಟ ಸೊಟ್ಟಗೆ ಬರೆದರಂತೆ. "ಚೆಂದ ಮಾಡಿದ್ರೆ ಬಟ್ಟೆ ಅಂಗಡಿ ಜಾಹೀರಾತು ಅಂದ್ಕೊಳ್ತಾರೆ" ಅಂದರಂತೆ. ಇದನ್ನು ಹೊರಗಿಟ್ಟು ಲೇಖನ ಬರೆದಿರಲ್ಲ ಮಾರಾಯ್ರೇ!

ಇಬ್ಬರನ್ನೂ ಹೋಲಿಸಿ ವಿವರಿಸಲು ಹೋಗಬೇಡಿ, ಪಕ್ಕ ಪಕ್ಕ ಇಡಿ. ಈಗಿರುವುದರ ಅರ್ಧಕ್ಕಿಂತ ಜಾಸ್ತಿ ಆಗುವುದು ಬೇಡ. ಮೇ ತಿಂಗಳೊಳಗೆ ಕಳಿಸಿ, ಮಳೆ ಹಿಡಿದ ಮೇಲೆ ಇಲ್ಲಿ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಮತ್ತೆ, ಆ ಬಟ್ಟೆಯ ಮೇಲೆ ಮಾವ ಯಾವ ಬಣ್ಣದಲ್ಲಿ ಬರೆದರು? ಅದನ್ನು ನೀವು ಹೇಳಲೇ ಇಲ್ಲ.

ಸಂಪಾದಕ